ಮಲೇಷ್ಯಾಕ್ಕೆ ಹೊರಡುವ ಮುಂಚೆ ಮಕ್ಕಳ ಪಾಸ್‌ಪೋರ್ಟ್ ತೆಗೆದು ನೋಡಿ

ಹುಬ್ಬಳ್ಳಿ-ಧಾರವಾಡದಿಂದ ಮಲೇಷ್ಯಾ, ಥಾಯ್ಲೆಂಡ್ ಕಡೆ ಹೋಗುವವರು ಈಗ ಜಾಸ್ತಿ ಆಗಿದ್ದಾರೆ. ದಸರಾ ರಜೆ ಹತ್ತಿರ ಬಂತೆಂದರೆ ಟ್ರಾವೆಲ್ ಏಜೆಂಟರ ವಾಟ್ಸಾಪ್ ಸ್ಟೇಟಸ್ ತುಂಬ ಒಂದೇ ಮಾತು: "ವೀಸಾ ಬೇಕಿಲ್ಲ, ಪಾಸ್‌ಪೋರ್ಟ್ ಇದ್ದರೆ ಸಾಕು." ಈ ಮಾತು ನಂಬಿ ಹೊರಟ ನಮ್ಮ ಮನೆಯವರು ಬೆಂಗಳೂರು ವಿಮಾನ ನಿಲ್ದಾಣದಿಂದಲೇ ವಾಪಸ್ ಬಂದೆವು. ಇನ್ನೊಬ್ಬರಿಗೆ ಹೀಗಾಗಬಾರದು.

ಅಣ್ಣ, ಅತ್ತಿಗೆ, ಅವರ ಮಗಳು, ಅವ್ವ, ನಾನು ಹೊರಟಿದ್ದೆವು. ಹುಬ್ಬಳ್ಳಿಯ ಒಬ್ಬ ಏಜೆಂಟರ ಹತ್ತಿರ ಕೌಲಾಲಂಪುರ ಪ್ಯಾಕೇಜ್ ಬುಕ್ ಆಗಿತ್ತು. ಎಲ್ಲರ ಪಾಸ್‌ಪೋರ್ಟ್ ಫೋಟೋ ಮೊದಲೇ ಕಳಿಸಿದ್ದೆವು. ಪ್ರಯಾಣ ಅಕ್ಟೋಬರಿನಲ್ಲಿ, ಮಗುವಿನ ಪಾಸ್‌ಪೋರ್ಟ್ ಅವಧಿ ಫೆಬ್ರವರಿವರೆಗೆ. ಅತ್ತಿಗೆಗೆ ಅನುಮಾನ ಬಂದು ಕೇಳಿಯೂ ಇದ್ದರು. "ಇನ್ನೂ ನಾಲ್ಕ ತಿಂಗಳ ಐತಲ್ರೀ ಮೇಡಂ, ಟೆನ್ಷನ್ ಬ್ಯಾಡ" ಅಂತ ಮೆಸೇಜ್ ಬಂತು.

ರಾತ್ರಿ ರೈಲಿಗೆ ಬೆಂಗಳೂರಿಗೆ ಬಂದೆವು. ಅವ್ವ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡಿದ್ದಳು. ಚೆಕ್-ಇನ್ ಕೌಂಟರಿನ ಹುಡುಗಿ ದೊಡ್ಡವರ ಪಾಸ್‌ಪೋರ್ಟ್‌ಗಳನ್ನು ಬೇಗ ಬೇಗ ನೋಡಿ ಪಕ್ಕಕ್ಕಿಟ್ಟಳು. ಮಗುವಿನದರ ಹತ್ತಿರ ನಿಂತಳು. ತಾರೀಖಿನ ಕೆಳಗೆ ಬೆರಳಿಟ್ಟು ತಿಂಗಳು ಎಣಿಸಿದಳು. ಕಂಪ್ಯೂಟರಿನಲ್ಲಿ ಏನೋ ನೋಡಿದಳು, ಮೇಲಿನವರನ್ನು ಕರೆದಳು. ಅವರು ಬಂದು ಹೇಳಿದ್ದು ಇಷ್ಟೇ: ಮಲೇಷ್ಯಾದಲ್ಲಿ ಇಳಿಯುವ ದಿನದಿಂದ ಪಾಸ್‌ಪೋರ್ಟ್‌ಗೆ ಕನಿಷ್ಠ 6 ತಿಂಗಳ ಅವಧಿ ಇರಬೇಕು, ಮಗುವನ್ನು ಹತ್ತಿಸಲು ಆಗುವುದಿಲ್ಲ. ಅಣ್ಣ ಎಷ್ಟು ಬೇಡಿಕೊಂಡರೂ ಉಪಯೋಗ ಆಗಲಿಲ್ಲ. ಅಷ್ಟರಲ್ಲಿ ನಮ್ಮ ಹುಡುಗಿ ತನ್ನ ಪುಟ್ಟ ಟ್ರಾಲಿಯನ್ನು ಬೆಲ್ಟಿನ ಮೇಲೆ ತಾನೇ ಎತ್ತಿ ಇಟ್ಟಿದ್ದಳು. ಅದನ್ನು ಕೆಳಗಿಳಿಸಿ "ನಾಳೆ ಹೋಗೋಣ" ಅಂದಾಗ ಅವಳ ಮುಖ ನೋಡಲು ಆಗಲಿಲ್ಲ.

ವಿಮಾನ ಕಂಪನಿಯವರನ್ನು ಬೈದು ಪ್ರಯೋಜನವಿಲ್ಲ. ದಾಖಲೆ ಸರಿಯಿಲ್ಲದವರನ್ನು ಕರೆದುಕೊಂಡು ಹೋದರೆ ಅವರನ್ನು ವಾಪಸ್ ತರುವ ಜವಾಬ್ದಾರಿ ಕಂಪನಿಯದೇ, ಮೇಲೆ ದಂಡವೂ ಬೀಳಬಹುದು. ಅದಕ್ಕೇ ಯಾವ ದೇಶಕ್ಕೆ ಏನು ಬೇಕು ಅಂತ ಅವರು ಟಿಮ್ಯಾಟಿಕ್ ಅನ್ನುವ ವ್ಯವಸ್ಥೆಯಲ್ಲಿ ನೋಡಿಕೊಳ್ಳುತ್ತಾರೆ. ಕೌಂಟರಿನಲ್ಲಿ ದಾಕ್ಷಿಣ್ಯಕ್ಕೆ ಜಾಗ ಇಲ್ಲ.

ಮಲೇಷ್ಯಾ 2023ರ ಡಿಸೆಂಬರ್ 1ರಿಂದ ಭಾರತೀಯರಿಗೆ 30 ದಿನದವರೆಗೆ ವೀಸಾ ಬಿಟ್ಟಿದೆ, 2026ರ ಕೊನೆಯವರೆಗೂ ಅದು ಮುಂದುವರಿದಿದೆ. ಬಿಟ್ಟಿರುವುದು ವೀಸಾ ಮಾತ್ರ. ಹೋಗುವ ಮುಂಚಿನ 3 ದಿನದೊಳಗೆ ಎಂಡಿಎಸಿ ಅನ್ನುವ ಡಿಜಿಟಲ್ ಅರೈವಲ್ ಕಾರ್ಡ್ ತುಂಬಲೇಬೇಕು. ಥಾಯ್ಲೆಂಡಿನಲ್ಲೂ 2025ರ ಮೇ 1ರಿಂದ ಟಿಡಿಎಸಿ ಅಂತ ಇಂಥದ್ದೇ ಇದೆ. ಎರಡೂ ಪೂರ್ತಿ ಉಚಿತ. ಆದರೆ ನಮ್ಮ ಬಿಲ್ಲಿನಲ್ಲಿ "ಎಂಟ್ರಿ ಪರ್ಮಿಟ್" ಅಂತ ತಲೆಗೆ ಇಷ್ಟು ಅಂತ ಹಾಕಿದ್ದರು. ವಿಚಾರಿಸಿದರೆ ಅದು ಇದೇ ಉಚಿತ ಕಾರ್ಡು! ಸರ್ಕಾರದ್ದೇ ಅನ್ನಿಸುವಂತೆ ಕಾಣುವ ವೆಬ್‌ಸೈಟ್‌ಗಳೂ ಇದಕ್ಕೆ ದುಡ್ಡು ಕೇಳುತ್ತವೆ. ಮಲೇಷ್ಯಾದ್ದು ಡಾಟ್ ಜಿಒವಿ ಡಾಟ್ ಎಂವೈ ಅಂತ, ಥಾಯ್ಲೆಂಡಿನದ್ದು ಡಾಟ್ ಜಿಒ ಡಾಟ್ ಟಿಎಚ್ ಅಂತ ಮುಗಿಯುತ್ತದೆಯಾ ನೋಡಿ. ಕೀನ್ಯಾದ ಕಥೆ ಬೇರೆ. ಅಲ್ಲೂ 2024ರ ಜನವರಿಯಿಂದ ವೀಸಾ ಇಲ್ಲ, ಆದರೆ ಇಟಿಎ ಅನ್ನುವ ಅನುಮತಿಯನ್ನು ದುಡ್ಡು ಕಟ್ಟಿಯೇ ಪಡೆಯಬೇಕು.

ಮಕ್ಕಳ ವಿಷಯದಲ್ಲಿ ಜಾಸ್ತಿ ಹುಷಾರಾಗಿರಿ. ನಮ್ಮ ಪಾಸ್‌ಪೋರ್ಟ್ 10 ವರ್ಷ ಬರುತ್ತದೆ, ಚಿಕ್ಕ ಮಕ್ಕಳದ್ದು 5 ವರ್ಷಕ್ಕೇ ಮುಗಿಯುತ್ತದೆ. ಎಲ್ಲರದ್ದೂ ಒಂದೇ ದಿನ ಮಾಡಿಸಿದ್ದರೂ ಮಗುವಿನದು ಮೊದಲು ಮುಗಿಯುತ್ತದೆ, ಅಲ್ವಾ? ಟಿಕೆಟ್ ತೆಗೆಯುವ ಮುಂಚೆಯೇ ಎಣಿಸಿ. ಕಡಿಮೆ ಬಿದ್ದರೆ ಹುಬ್ಬಳ್ಳಿಯಲ್ಲೇ ಪಾಸ್‌ಪೋರ್ಟ್ ಸೇವಾ ಕೇಂದ್ರ ಇದೆ. ಅವಧಿ ಮುಗಿಯಲು ಒಂದು ವರ್ಷ ಇರುವಾಗಲೇ ಹೊಸದಕ್ಕೆ ಅರ್ಜಿ ಹಾಕಬಹುದು. ಮಕ್ಕಳದಕ್ಕೆ 1,000 ರೂಪಾಯಿ, ತತ್ಕಾಲ್ ಆದರೆ ಮೇಲೆ 2,000. ಅಪ್ಪ-ಅಮ್ಮ ಇಬ್ಬರೂ ಸಹಿ ಮಾಡಿದ ಅನೆಕ್ಷರ್ ಡಿ ಅನ್ನುವ ಒಪ್ಪಿಗೆ ಪತ್ರ ಕೊಡಬೇಕು. ಒಬ್ಬರು ಬೇರೆ ಊರಿನಲ್ಲಿ ನೌಕರಿಯಲ್ಲಿದ್ದರೆ ಆ ಸಹಿಗೇ ದಿನ ಹಿಡಿಯುತ್ತದೆ.

ನಮ್ಮ ಹೋಟೆಲ್ ದುಡ್ಡು ಹೋಯಿತು. ಟಿಕೆಟ್ಟಿನದೂ ಬಹುಪಾಲು ಹೋಯಿತು. ನಿಮಗೆ ಹೀಗಾದರೆ ಟಿಕೆಟ್ಟಿನಲ್ಲಿರುವ ತೆರಿಗೆ ಮತ್ತು ವಿಮಾನ ನಿಲ್ದಾಣದ ಶುಲ್ಕವನ್ನು ವಾಪಸ್ ಕೇಳಿ, ಸುಮ್ನೆ ಬಿಡಬೇಡಿ. ಏಜೆಂಟರು ಮಾತ್ರ "ದಾಖಲೆ ನೋಡಿಕೊಳ್ಳುವುದು ಪ್ರಯಾಣಿಕರ ಕೆಲಸ" ಅಂತ ಕೈ ತೊಳೆದುಕೊಂಡರು. ಪಾಸ್‌ಪೋರ್ಟ್ ಫೋಟೋ ತರಿಸಿಕೊಂಡು, ಕೇಳಿದಾಗ ಟೆನ್ಷನ್ ಬೇಡ ಅಂದವರು ಈ ಮಾತು ಆಡುವುದು ನ್ಯಾಯವಲ್ಲ. ಅಣ್ಣ ಆ ಮೆಸೇಜ್, ಬಿಲ್ಲು, ದುಡ್ಡು ಕಳಿಸಿದ ರಸೀದಿ ಎಲ್ಲ ಜೋಡಿಸಿ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಬರೆಯುತ್ತಿದ್ದಾನೆ. ನಾವು ಕೊಟ್ಟ ದುಡ್ಡು 5 ಲಕ್ಷದೊಳಗೆ ಇರುವುದರಿಂದ ದೂರಿಗೆ ಶುಲ್ಕ ಇಲ್ಲ, ಎರಡು ವರ್ಷದೊಳಗೆ ಸಲ್ಲಿಸಬೇಕು. 1915ಕ್ಕೆ ಫೋನ್ ಮಾಡಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯವರು ದಾರಿ ಹೇಳುತ್ತಾರೆ. ಏಜೆಂಟರು ಫೋನಿನಲ್ಲಿ ಹೇಳಿದ್ದನ್ನೆಲ್ಲ ಒಮ್ಮೆ ವಾಟ್ಸಾಪಿನಲ್ಲೂ ಬರೆಸಿಕೊಳ್ಳಿ.