ಮಸ್ಟಾಂಗ್ ಜಿಟಿಗೆ ಏರ್ ಇಂಟೇಕ್ ಕಿಟ್: ಮೈಸೂರು–ಮಂಡ್ಯದ ರಸ್ತೆಗಳಿಗೆ ಯಾವುದು ತಕ್ಕದ್ದು?

ಫೋರ್ಡ್ ಮಸ್ಟಾಂಗ್ ಜಿಟಿ 2016ರಲ್ಲಿ ಭಾರತಕ್ಕೆ ಬಂದದ್ದು ಟರ್ಬೊ (ಗಾಳಿಯನ್ನು ಒತ್ತಿ ತುಂಬುವ ಯಂತ್ರ) ಇಲ್ಲದ 5 ಲೀಟರಿನ ವಿ8 ಎಂಜಿನ್ನಿನೊಂದಿಗೆ. ಹೊರಗಿನ ಗಾಳಿಗೆ ಎಷ್ಟು ಒತ್ತಡವಿದೆಯೋ ಅಷ್ಟರಲ್ಲೇ ಆ ಎಂಜಿನ್ ಉಸಿರಾಡಬೇಕು. ಮೈಸೂರು ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿನ ವಾಯುವಿನ ಒತ್ತಡ ಕರಾವಳಿಯದಕ್ಕಿಂತ ಶೇ. 8ರಿಂದ 9ರಷ್ಟು ಕಡಿಮೆ. ಈ ಕೊರತೆಯನ್ನು ಇಂಟೇಕ್ ಕಿಟ್ (ಮೂಲ ಗಾಳಿ ಫಿಲ್ಟರ್ ಮತ್ತು ಕೊಳವೆಯ ಬದಲಿಗೆ ಹಾಕಿಸುವ, ಅಗಲವಾದ ಕೊಳವೆಯ ಜೋಡಣೆ) ತುಂಬಿಕೊಡುತ್ತದೆ ಎಂದುಕೊಂಡು ಹಣ ಹೂಡುವುದು ಬೇಡ; ಫಿಲ್ಟರಿನಿಂದ, ಎಂಜಿನ್ನಿಗೆ ಹೋಗುವ ಗಾಳಿಯನ್ನು ಹತೋಟಿಯಲ್ಲಿಡುವ ಕವಾಟವಾದ ಥ್ರಾಟಲ್‌ವರೆಗಿನ ದಾರಿಯಲ್ಲಿ ಗಾಳಿಗೆ ಆಗುವ ತಡೆಯನ್ನಷ್ಟೇ ಅದು ತಗ್ಗಿಸಬಲ್ಲದು.

ಕಿಟ್‌ಗಳಲ್ಲಿ ಎರಡು ಬಗೆ. ಶಂಕುವಿನಾಕಾರದ ಫಿಲ್ಟರನ್ನು ಬಾನೆಟ್ಟಿನಡಿ ಬಯಲಾಗಿಯೇ ಬಿಡುವುದು ಒಂದು, ಅದನ್ನು ಮುಚ್ಚಿದ ಪೆಟ್ಟಿಗೆಯಲ್ಲಿಟ್ಟು ಗ್ರಿಲ್ಲಿನ ಹಿಂದಿನಿಂದ ತಂಪು ಗಾಳಿ ತರುವುದು ಇನ್ನೊಂದು. ಬಯಲು ಫಿಲ್ಟರಿನ ಹೀರುವ ಸದ್ದು ಕಿವಿಗೆ ಹಿತವೆಂಬುದನ್ನು ಅಲ್ಲಗಳೆಯಲಾರೆ. ಆದರೆ ಹೀರುವ ಗಾಳಿಯ ತಾಪ 35 ಡಿಗ್ರಿಯಿಂದ 65ಕ್ಕೆ ಏರಿದರೆ ಅದರ ಸಾಂದ್ರತೆ ಶೇ. 9ರಷ್ಟು ಇಳಿಯುತ್ತದೆ. ರಿಂಗ್ ರಸ್ತೆಯ ಸಿಗ್ನಲ್ಲಿನಲ್ಲಿ ಏಪ್ರಿಲ್ ಮಧ್ಯಾಹ್ನ ನಿಂತ ಕಾರಿನ ಬಾನೆಟ್ಟಿನಡಿ ಇಂಥ ಏರಿಕೆ ಅಸಾಧ್ಯವೇನಲ್ಲ. ಅಗಲವಾದ ಕೊಳವೆಯಿಂದ ಗಳಿಸಿದ್ದೆಲ್ಲ ಅಲ್ಲಿಯೇ ಕರಗಿಹೋಗುತ್ತದೆ. ಎಕ್ಸ್‌ಪ್ರೆಸ್‌ವೇಯಲ್ಲಿ ಕಾರು ಓಡತೊಡಗಿದ ಮೇಲೆ ತಾಪ ಇಳಿಯುವುದು ನಿಜ, ಆದರೆ ನಮ್ಮ ಕಾರುಗಳು ಊರೊಳಗೆ ನಿಲ್ಲುವುದೇ ಹೆಚ್ಚು. ಆದ್ದರಿಂದ ನಾನು ಆರಿಸಿಕೊಂಡದ್ದು ಮುಚ್ಚಿದ ಪೆಟ್ಟಿಗೆಯ ಕಿಟ್ಟನ್ನು.

ಧೂಳಿನ ವಿಚಾರದಲ್ಲಿ ಇನ್ನಷ್ಟು ಎಚ್ಚರ ಬೇಕು. ಈ ಎಂಜಿನ್ ನಿಮಿಷಕ್ಕೆ 6,500 ಸುತ್ತು ತಿರುಗುವಾಗ, ಅಂದರೆ 6,500 ಆರ್‌ಪಿಎಂನಲ್ಲಿ ನಿಮಿಷಕ್ಕೆ ಸುಮಾರು 16 ಸಾವಿರ ಲೀಟರ್ ಗಾಳಿಯನ್ನು ಎಳೆದುಕೊಳ್ಳುತ್ತದೆ. ಮಂಡ್ಯದಿಂದ ಪಾಂಡವಪುರದ ಕಡೆಗೋ ಮಳವಳ್ಳಿಯ ಕಡೆಗೋ ಒಳದಾರಿ ಹಿಡಿದರೆ ಕಬ್ಬಿನ ಟ್ರ್ಯಾಕ್ಟರುಗಳೆಬ್ಬಿಸುವ ಮಣ್ಣು, ಸುಗ್ಗಿಯಲ್ಲಿ ರಸ್ತೆಯ ಮೇಲೆಯೇ ಹರಡಿದ ಹುರುಳಿ, ರಾಗಿಯ ಹೊಟ್ಟು, ಎಲ್ಲವೂ ಆ ಗಾಳಿಯ ಜೊತೆಯಲ್ಲೇ ಬರುತ್ತವೆ. (ಆ ಒಕ್ಕಣೆಯ ಮೇಲೆ ತಗ್ಗಾದ ಕಾರನ್ನು ಹಾಯಿಸುವುದೇ ಬೇರೆ ಸಾಹಸ.) ಕೆ ಆಂಡ್ ಎನ್ ಕಂಪನಿಯ ಹೆಸರುವಾಸಿ ಫಿಲ್ಟರುಗಳು ಎಣ್ಣೆ ಸವರಿದ ಹತ್ತಿಬಟ್ಟೆಯವು, ತೊಳೆದು ಮತ್ತೆ ಬಳಸಬಹುದು. ಆದರೆ ತೊಳೆದ ಬಳಿಕ ಎಣ್ಣೆ ಅತಿಯಾದರೆ ಅದು ಒಳಬರುವ ಗಾಳಿಯನ್ನು ಅಳೆಯುವ ಏರ್‌ಫ್ಲೋ ಸೆನ್ಸರಿನ ಬಿಸಿ ತಂತಿಗೆ ಅಂಟಿ ಅಳತೆಯನ್ನು ಕೆಡಿಸಬಹುದು, ಕಡಿಮೆಯಾದರೆ ನುಣ್ಣನೆಯ ಧೂಳು ಒಳಗೆ ನುಸುಳಬಹುದು. ಎಣ್ಣೆಯ ಹದ ಬಲ್ಲ ಕೈ ನಮ್ಮ ಗ್ಯಾರೇಜುಗಳಲ್ಲಿ ಅಪರೂಪವಾದುದರಿಂದ ಎಣ್ಣೆ ಬೇಡದ, ಸಿಂಥೆಟಿಕ್ ಪದರದ ಒಣ ಫಿಲ್ಟರೇ ಇಲ್ಲಿಗೆ ಲೇಸು.

ಸೆನ್ಸರ್ ಕೂರುವ ಕೊಳವೆಯ ವ್ಯಾಸವನ್ನು ಕೊಳ್ಳುವ ಮುನ್ನವೇ ವಿಚಾರಿಸಬೇಕು. ಅದು ಮೂಲಕ್ಕಿಂತ ದೊಡ್ಡದಾಗಿದ್ದರೆ ಒಳಬರುವ ಗಾಳಿಯನ್ನು ಇಸಿಯು (ಎಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರ್) ಕಡಿಮೆಯೆಂದು ಎಣಿಸಿ ಪೆಟ್ರೋಲನ್ನೂ ಕಡಿಮೆ ಸುರಿಯುತ್ತದೆ. ಸ್ವಲ್ಪಮಟ್ಟಿಗೆ ಅದು ತಾನೇ ಸರಿಪಡಿಸಿಕೊಂಡರೂ ಪೂರ್ಣ ಥ್ರಾಟಲ್‌ನಲ್ಲಿ ಎಂಜಿನ್ನಿಗೆ ಅಪಾಯ ತಪ್ಪಿದ್ದಲ್ಲ. ಅಂಥ ಕಿಟ್‌ಗೆ ರೀಮ್ಯಾಪ್, ಅಂದರೆ ಇಸಿಯುವಿನ ಲೆಕ್ಕವನ್ನು ಹೊಸ ಕೊಳವೆಗೆ ಹೊಂದಿಸುವ ಟ್ಯೂನ್, ಕಡ್ಡಾಯ. ಕಂಪನಿಯೇ ‘ಟ್ಯೂನ್ ಬೇಡ’ ಎಂದು ಬರೆದುಕೊಟ್ಟ ಕಿಟ್ಟನ್ನಷ್ಟೇ ಕೊಂಡು, ಜೋಡಿಸಿದ ಮೇಲೆ ಓಬಿಡಿ ಸ್ಕ್ಯಾನರಿನಲ್ಲಿ (ಇಸಿಯುವಿನ ಮಾಹಿತಿ ಓದುವ ಸಾಧನ) ಫ್ಯುಯಲ್ ಟ್ರಿಮ್, ಅಂದರೆ ಪೆಟ್ರೋಲನ್ನು ಇಸಿಯು ಎಷ್ಟು ಹೆಚ್ಚುಕಡಿಮೆ ಮಾಡಿಕೊಳ್ಳುತ್ತಿದೆ ಎಂಬುದನ್ನು ನೋಡುವುದು ಒಳ್ಳೆಯದು.

ನನ್ನ ಕಾರಿನಲ್ಲಿ ಕಂಡ ಫಲವೆಂದರೆ ಮೇಲಿನ ಆರ್‌ಪಿಎಂಗಳಲ್ಲಿ ತುಸು ಚುರುಕು ಮತ್ತು ಗಡಸು ದನಿ. ಚಾಮುಂಡಿ ಬೆಟ್ಟದ ತಿರುವುಗಳಲ್ಲಿ ದನಿಯ ವ್ಯತ್ಯಾಸ ಚೆನ್ನಾಗಿ ಕೇಳಿಸುತ್ತದೆ. ವೇಗದ ವ್ಯತ್ಯಾಸವನ್ನು ಮಾತ್ರ ಹುಡುಕಿಕೊಳ್ಳಬೇಕು. ದನಿ ಬೇಡವೆನ್ನುವವರು ಮೂಲ ಪೆಟ್ಟಿಗೆಯಲ್ಲೇ ಕೂರುವ ಉತ್ತಮ ಪ್ಯಾನೆಲ್ ಫಿಲ್ಟರ್ ಹಾಕಿಸಿ, ಉಳಿದ ಹಣವನ್ನು ಟಯರಿಗೆ ಇಟ್ಟುಕೊಳ್ಳುವುದು ಜಾಣತನ. ಬೇರೆ ಕಾರಿನವರು ಬಂಪರಿನ ಹಿಂದೆ ತಗ್ಗಿನಲ್ಲಿ ಕೂರುವ ಫಿಲ್ಟರ್ ಇರುವ ಕಿಟ್‌ಗಳನ್ನು ದೂರವಿಡಲಿ: 2022ರ ಆಗಸ್ಟ್‌ನಲ್ಲಿ ರಾಮನಗರದ ಬಳಿ ಹೆದ್ದಾರಿಯ ಮೇಲೆ ನಿಂತಂಥ ನೀರು ಸಿಲಿಂಡರಿಗೆ ಹೊಕ್ಕರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ.

ತೆಗೆದ ಮೂಲ ಪೆಟ್ಟಿಗೆಯನ್ನು ಗುಜರಿಗೆ ಹಾಕಬೇಡಿ, ಅದನ್ನು ಮತ್ತೆ ಕೂರಿಸಬೇಕಾಗಿ ಬರಬಹುದು: ತಯಾರಕರ ಮೂಲ ವಿವರಗಳಿಗೆ ಹೊಂದದ ಮಾರ್ಪಾಟನ್ನು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ನಿರ್ಬಂಧಿಸುತ್ತದೆ. ವಿಮೆಯವರನ್ನು ಮೊದಲೇ ಕೇಳಿಕೊಳ್ಳಿ. ಒಣ ಫಿಲ್ಟರನ್ನು ಸುಗ್ಗಿ ಮುಗಿದೊಡನೆ ತೆಗೆದು ನೋಡಿ, ಕಂಪನಿ ಹೇಳಿದ ದ್ರಾವಣದಲ್ಲಿ ತೊಳೆದು, ನೆರಳಿನಲ್ಲಿ ಪೂರ್ತಿ ಒಣಗಿಸಿಯೇ ಕೂರಿಸಬೇಕು. ಕೆಲಸ ಬೇಗ ಮುಗಿಯಲೆಂದು ಟಯರ್ ಅಂಗಡಿಯ ಕಂಪ್ರೆಸರ್ ಗಾಳಿ ಹೊಡೆಸಿದರೆ ಪದರ ಹರಿಯುತ್ತದೆ.