ಬಲ ಮೊಣಕಾಲಿನ ಮೇಲೆ ಬೀಳುತ್ತಿದ್ದ ಹನಿ

ನನ್ನ ಬಳಿ ಇರುವುದು 1978ರ ಟೊಯೋಟಾ ಲ್ಯಾಂಡ್ ಕ್ರೂಸರ್ ಎಫ್‌ಜೆ40, ಮುಂಗಾಜಿನ ಫ್ರೇಮನ್ನು ಬಾನೆಟ್ ಮೇಲೆ ಮಡಚಬಹುದಾದ ಜೀಪಿನಂಥ ಗಾಡಿ. ಮಳೆಯಲ್ಲಿ ಓಡಿಸುವಾಗ ಬಲ ಮೊಣಕಾಲಿನ ಮೇಲೆ, ಒಂದೇ ಜಾಗಕ್ಕೆ, ಲೆಕ್ಕ ಇಟ್ಟಂತೆ ಹನಿ ಬೀಳುತ್ತಿತ್ತು. ನಾಲ್ಕು ವರ್ಷ ಆ ಮೊಣಕಾಲಿಗೆ ಹಳೆಯ ಟವೆಲ್ ಹೊದಿಸಿಕೊಂಡೇ ಓಡಿಸಿದೆ. ಆಮೇಲೆ ಮುಂಗಾಜಿನ ಅಂಚಿನಲ್ಲಿ ಮಜ್ಜಿಗೆ ಬಣ್ಣದ ಮಬ್ಬು ಕಾಣಿಸಿಕೊಂಡು, ಒರೆಸಿದರೂ ಹೋಗದೆ, ಎರಡು ಬೆರಳಗಲ ಒಳಕ್ಕೆ ಬಂತು. ಎರಡು ಪದರಗಳ ಗಾಜಿನ ನಡುವೆ ನೀರು ಸೇರಿದರೆ ಹೀಗಾಗುತ್ತದೆ. ಇನ್ನು ಟವೆಲ್ಲಿನಿಂದ ಆಗುವ ಕೆಲಸ ಇದಲ್ಲ ಎಂದು ಒಪ್ಪಿಕೊಂಡು ಗಾಜು, ಗಾಜಿನ ಸುತ್ತಲಿನ ಬೀಡಿಂಗ್ ಮತ್ತು ಫ್ರೇಮಿನ ತಳದ ರಬ್ಬರ್ ಪಟ್ಟಿ ಮೂರನ್ನೂ ಬದಲಾಯಿಸಿದೆ. ಕೊಂಡ ವಸ್ತುಗಳು ಹೇಗಿದ್ದವು ಎಂಬುದನ್ನು ಬರೆಯುತ್ತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ, ನಾನು ಬಟ್ಟೆ ಹೊಲಿಯುವವಳು, ಗಾಡಿ ರಿಪೇರಿಯವಳಲ್ಲ. ಆದ್ದರಿಂದ ಇಲ್ಲಿ ಅಳತೆ, ಅಂಚು, ಮೂಲೆಗಳ ಮಾತೇ ಹೆಚ್ಚು. ಮಾರಿದವರ ಹೆಸರು ಹೇಳುವುದಿಲ್ಲ. ಅದೇ ಅಂಗಡಿಯ ಒಂದು ವಸ್ತು ಒಳ್ಳೆಯದಾಗಿ, ಇನ್ನೊಂದು ಕೆಟ್ಟದಾಗಿ ಬಂದಿರುವಾಗ ಹೆಸರು ಹೊಗಳಿದರೂ ತಪ್ಪು, ತೆಗಳಿದರೂ ತಪ್ಪು.

ರಬ್ಬರುಗಳೆಲ್ಲ ಒಂದೇ ಕಿಟ್‌ನಲ್ಲಿ ಬಂದವು. ಅದರಲ್ಲಿ ಗಾಜಿನ ಬೀಡಿಂಗ್‌ಗೆ ನನ್ನ ಪೂರ್ಣ ಮೆಚ್ಚುಗೆ. ಹಳೆಯದು ಕಲ್ಲಾಗಿತ್ತು. ಬಗ್ಗಿಸಿದರೆ ಒಣಗಿದ ಕೆರೆಯ ತಳದ ಹಾಗೆ ಬಿರುಕು ಬಿಡುತ್ತಿತ್ತು. ಗಾಳಿಯಲ್ಲಿರುವ ಓಝೋನ್ ಮತ್ತು ಬಿಸಿಲು ಸೇರಿ ಸಾಮಾನ್ಯ ರಬ್ಬರನ್ನು ಈ ಗತಿಗೆ ತರುತ್ತವೆ. ಹೊಸದು ಇಪಿಡಿಎಂ ಎಂಬ ಕೃತಕ ರಬ್ಬರು. ಬಿಸಿಲು, ಮಳೆ, ಓಝೋನ್ ಮೂರನ್ನೂ ತಾಳುತ್ತದೆ. ಅದಕ್ಕೆ ಆಗದಿರುವುದು ಎಣ್ಣೆ. ಗ್ರೀಸ್ ಅಥವಾ ಪೆಟ್ರೋಲಿಯಂ ಜೆಲ್ಲಿ ಹಚ್ಚಿದರೆ ಉಬ್ಬಿ ಮೆತ್ತಗಾಗಿ ಹಾಳಾಗುತ್ತದೆ. ಪೊಟ್ಟಣ ಬಿಚ್ಚಿದೊಡನೆ ನಾನು ನೋಡಿದ್ದು ನಾಲ್ಕು ಮೂಲೆಗಳನ್ನು. ಅಗ್ಗದ ಬೀಡಿಂಗ್‌ನಲ್ಲಿ ಉದ್ದನೆಯ ಪಟ್ಟಿಯನ್ನು ಓರೆಯಾಗಿ ಕತ್ತರಿಸಿ ಮೂಲೆಯಲ್ಲಿ ಅಂಟಿಸಿರುತ್ತಾರೆ, ಮೊದಲು ಬಾಯಿ ಬಿಡುವುದು ಅಲ್ಲೇ. ಇದರಲ್ಲಿ ಮೂಲೆಗಳನ್ನು ಅಚ್ಚಿನಲ್ಲೇ ಎರಕ ಹೊಯ್ದು ಬೆಸೆದಿದ್ದರು. ಉಗುರು ಹಾಕಿ ಎಳೆದೆ, ಕೂದಲೆಳೆಯಷ್ಟೂ ಬಿಡಲಿಲ್ಲ. ಗಾಜಿನ ಸುತ್ತ ತೊಡಿಸಿದಾಗ ಎಲ್ಲೂ ಎಳೆಯಬೇಕಾಗಲಿಲ್ಲ, ಎಲ್ಲೂ ಸುಕ್ಕು ಬೀಳಲಿಲ್ಲ. ಚೆನ್ನಾಗಿ ಕತ್ತರಿಸಿದ ಕುತ್ತಿಗೆ ಪಟ್ಟಿ ಕೂತಂತೆ ಕೂತಿತು.

ಅದೇ ಕಿಟ್‌ನಲ್ಲಿದ್ದ ತಳದ ಪಟ್ಟಿಯ ಕಥೆ ಬೇರೆ. ಮಡಚುವ ಫ್ರೇಮ್‌ಗೂ ಅದು ಕೂರುವ ಬಾನೆಟ್ ಹಿಂಬದಿಯ ಅಂಚಿಗೂ ನಡುವೆ ಬರುವ ರಬ್ಬರು ಇದು. ನನ್ನ ಮೊಣಕಾಲಿನ ಹನಿಗೆ ಕಾರಣವೂ ಇದೇ. ಬಂದ ಪಟ್ಟಿ ಹೆಬ್ಬೆರಳಗಲ ಗಿಡ್ಡ. ಟೇಪು ಹಿಡಿದು ಫೋಟೋ ತೆಗೆದು ಕಳಿಸಿದೆ. ‘ಸ್ವಲ್ಪ ಎಳೆದು ಅಂಟಿಸಿ, ಸರಿಹೋಗುತ್ತದೆ’ ಎಂದು ಉತ್ತರ ಬಂತು. ಎಳೆದು ಕೂರಿಸಿದ ರಬ್ಬರು ಎಳೆದು ಹೊಲಿದ ಎಲಾಸ್ಟಿಕ್‌ನಂತೆಯೇ. ಇವತ್ತು ಅಂಚಿನವರೆಗೆ ಮುಟ್ಟುತ್ತದೆ, ನಾಲ್ಕು ಬಿಸಿಲು ಕಂಡ ಮೇಲೆ ತನ್ನ ಉದ್ದಕ್ಕೆ ಮರಳಿ ಎರಡೂ ತುದಿಗಳಲ್ಲಿ ಸಂದು ಬಿಡುತ್ತದೆ. ನೀರು ಕಾಯುತ್ತಿರುವುದು ಆ ಸಂದಿಗೇ. ಪಟ್ಟಿ ತುಸು ಉದ್ದವಿರಬೇಕು. ಒತ್ತಿ ಕೂರಿಸಿದಾಗ ತುದಿಗಳು ತಾವಾಗಿಯೇ ಹೊರಕ್ಕೆ ತಳ್ಳುವಂತಿರಬೇಕು. ಇದನ್ನೆಲ್ಲ ಬರೆದು ಕಳಿಸಿದ ಮೇಲೆ ಇನ್ನೊಂದು ಪಟ್ಟಿ ಕಳಿಸಿದರು, ದುಡ್ಡು ಕೇಳಲಿಲ್ಲ, ಅದು ಅವರ ಒಳ್ಳೆಯತನ. ಎರಡನೆಯದರ ಉದ್ದ ಸರಿಯಿತ್ತು. ಆದರೆ ಎಷ್ಟು ಬಿರುಸಾಗಿತ್ತೆಂದರೆ ಫ್ರೇಮ್ ಅದರ ಮೇಲೆ ಕುಳಿತಾಗ ಬೋಲ್ಟಿನ ತೂತುಗಳು ಅರ್ಧ ಚಂದ್ರನಂತೆ ಮಾತ್ರ ಕಾಣುತ್ತಿದ್ದವು. ಕೊನೆಗೆ ಟೊಯೋಟಾದ ಮೂಲ ಪಟ್ಟಿಯನ್ನೇ ತರಿಸಿದೆ. ಬೆಲೆ ನೋಡಿ ಒಂದು ಕ್ಷಣ ಸುಮ್ಮನೆ ಕುಳಿತಿದ್ದು ನಿಜ. ಎರಡನ್ನೂ ಪಕ್ಕಪಕ್ಕ ಇಟ್ಟು ಬೆರಳಿನಿಂದ ಒತ್ತಿ ನೋಡಿದಾಗ ವ್ಯತ್ಯಾಸ ತಿಳಿಯಿತು: ಒಂದು ಚಪ್ಪಲಿಯ ಹಿಮ್ಮಡಿ, ಇನ್ನೊಂದು ಕಿವಿಯ ಹಾಲೆ.

ಗಾಜಿನ ವಿಷಯದಲ್ಲಿ ಈ ಗಾಡಿಯವರು ಪುಣ್ಯವಂತರು. ಗಾಜು ಚಪ್ಪಟೆ, ಬಾಗುವಿಕೆ ಇಲ್ಲ, ಹಳೆಯದನ್ನೇ ನಮೂನೆಯಾಗಿ ಇಟ್ಟು ಕತ್ತರಿಸಬಹುದು. ಹಾಗೆಂದು ಸಿಕ್ಕವರ ಬಳಿ ಕತ್ತರಿಸಿಕೊಳ್ಳುವಂತಿಲ್ಲ ಎಂಬುದನ್ನು ನಾನು ಒಂದು ಗಾಜಿನ ಬೆಲೆ ತೆತ್ತು ಕಲಿತೆ. ಮೊದಲು ಹೋದ ಅಂಗಡಿಯವರು, ‘ಟಫನ್ಡ್ ಗಾಜು ಹಾಕಿಸಿ ಮೇಡಂ, ಸುತ್ತಿಗೆ ಏಟಿಗೂ ಜಗ್ಗುವುದಿಲ್ಲ’ ಎಂದರು. ಜಗ್ಗದೇ ಇರಬಹುದು. ಆದರೆ ಒಡೆದ ದಿನ ಇಡೀ ಗಾಜು ಸಕ್ಕರೆ ಹರಳಿನಂತೆ ಪುಡಿಯಾಗುತ್ತದೆ, ಓಡುತ್ತಿರುವ ಗಾಡಿಯಲ್ಲಿ ಮುಂದಿನ ದಾರಿ ಕಾಣುವುದಿಲ್ಲ. ಮುಂಗಾಜಿಗೆ ಬೇಕಾದದ್ದು ಲ್ಯಾಮಿನೇಟೆಡ್ ಗಾಜು, ಅಂದರೆ ಎರಡು ಗಾಜುಗಳ ನಡುವೆ ಪ್ಲಾಸ್ಟಿಕ್ ಪದರ ಇಟ್ಟು ಬೆಸೆದದ್ದು. ಬೇಡವೆಂದೆ. ‘ಸರಿ, ಲ್ಯಾಮಿನೇಟೆಡ್ಡೇ ಕೊಡುತ್ತೇನೆ’ ಎಂದು ಕೊಟ್ಟರು. ಮನೆಗೆ ತಂದು ಅಂಚನ್ನು ಬೆಳಕಿಗೆ ಹಿಡಿದರೆ ಎಲ್ಲೂ ಅನುಮೋದನೆಯ ಗುರುತಿಲ್ಲ, ನಡುವಿನ ಪದರ ದಾರದಷ್ಟು ತೆಳು. ದಪ್ಪ ಅಳೆಯುವ ವರ್ನಿಯರ್ ಇಟ್ಟೆ: 6.38 ಮಿಲಿಮೀಟರ್. ಅಂದರೆ ಮೂರು ಮಿಲಿಮೀಟರಿನ ಎರಡು ಗಾಜುಗಳು, ನಡುವೆ 0.38 ಮಿಲಿಮೀಟರಿನ ಪ್ಲಾಸ್ಟಿಕ್ ಪದರ. ಇದು ಕಟ್ಟಡದ ಕಿಟಕಿಗೆ ಹಾಕುವ ಅಳತೆ. ವಾಹನದ ಮುಂಗಾಜಿನಲ್ಲಿ ಈ ಪದರ ಸಾಮಾನ್ಯವಾಗಿ ಅದರ ಎರಡರಷ್ಟು, 0.76 ಮಿಲಿಮೀಟರ್. ಅಪಘಾತದಲ್ಲಿ ತಲೆ ಗಾಜಿಗೆ ಬಡಿದಾಗ ಹರಿಯದೆ ತಡೆಯಬೇಕಾದದ್ದು ಆ ಪದರವೇ. ಮೇಲಿನ ಬಟ್ಟೆ ಒಂದೇ ಎಂದು ಒಳಗಿನ ಲೈನಿಂಗ್‌ನಲ್ಲಿ ಅರ್ಧ ಉಳಿಸಿದರೆ ಗಿರಾಕಿ ಸುಮ್ಮನಿರುತ್ತಾರೆಯೇ?

ಎರಡನೆಯ ಗಾಜು ಸಿದ್ಧವಾಗಿಯೇ ಬಂತು. ಕೆಳಗಿನ ಮೂಲೆಯಲ್ಲಿ ವೃತ್ತದೊಳಗೆ ‘ಇ’ ಅಕ್ಷರ, ಪಕ್ಕದಲ್ಲಿ ಅನುಮೋದನೆ ಕೊಟ್ಟ ದೇಶದ ಸಂಖ್ಯೆ, ಕೆಳಗೆ ವಾಹನದ ಗಾಜಿನ ಅಂತರರಾಷ್ಟ್ರೀಯ ನಿಯಮದ ಸಂಖ್ಯೆ ‘43ಆರ್’. ಅಮೆರಿಕದ ಗುರುತಾದರೆ ‘ಎಎಸ್1’ ಎಂದಿರುತ್ತದೆ. ಇಂಥ ಯಾವ ಅನುಮೋದನೆಯ ಗುರುತೂ ಇಲ್ಲದ ಗಾಜನ್ನು ಮುಂಗಾಜು ಎಂದು ಕೊಳ್ಳಬೇಡಿ. ಅಂಚುಗಳನ್ನು ನಯವಾಗಿ ಉಜ್ಜಿದ್ದರು, ಬೆರಳು ಸವರಿದರೆ ಎಲ್ಲೂ ತಡೆಯಲಿಲ್ಲ. ಅಂಚಿನಲ್ಲಿ ಎಳ್ಳಿನಷ್ಟು ಚಕ್ಕೆ ಎದ್ದಿದ್ದರೂ ಮುಂದೊಂದು ದಿನ ಬಿರುಕು ಹೊರಡುವುದು ಅಲ್ಲಿಂದಲೇ.

ಇಷ್ಟು ವಸ್ತುಗಳನ್ನು ಮೇಜಿನ ಮೇಲೆ ಜೋಡಿಸಿಟ್ಟುಕೊಂಡು, ಒಂದು ಭಾನುವಾರದಲ್ಲಿ ಮುಗಿಸಿಬಿಡುತ್ತೇವೆ ಎಂದು ನಾನೂ ತಮ್ಮನೂ ಫ್ರೇಮಿನ ಕೀಲು ಬಿಚ್ಚಿದೆವು. ಹಳೆಯ ಬೀಡಿಂಗನ್ನು ಬ್ಲೇಡಿನಿಂದ ಸೀಳಿ ಗಾಜನ್ನು ತಳ್ಳುವಾಗ ಅದು ಮೂಲೆಯಿಂದ ಮೂಲೆಗೆ ಒಡೆಯಿತು. ಒಂದು ಚೂರೂ ನೆಲಕ್ಕೆ ಬೀಳಲಿಲ್ಲ. ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಎಡ್ವಾರ್ ಬೆನೆಡಿಕ್ಟಸ್ 1903ರಲ್ಲಿ ಕೈಜಾರಿ ಬಿದ್ದ ಗಾಜಿನ ಪಾತ್ರೆಯೊಂದು ಬಿರುಕು ಬಿಟ್ಟರೂ ಚೂರಾಗದ್ದನ್ನು ಕಂಡು ಬೆರಗಾದನಂತೆ. ಒಳಗೆ ಒಣಗಿದ್ದ ಸೆಲ್ಯುಲೋಸ್ ನೈಟ್ರೇಟ್ ಪೊರೆ ಚೂರುಗಳನ್ನು ಹಿಡಿದಿಟ್ಟಿತ್ತು. ನಮಗೆ ಬೆರಗಾಗಲು ಪುರುಸೊತ್ತಿರಲಿಲ್ಲ. ಗಾಜು ಹೊರಬಂದೊಡನೆ ಫ್ರೇಮಿನ ಕೆಳಗಿನ ಕಾಲುವೆ ಕಣ್ಣಿಗೆ ಬಿತ್ತು.

ಅಲ್ಲಿ ತುಕ್ಕು ಬಿಸ್ಕತ್ತಿನ ಹಾಗೆ ಪದರ ಪದರವಾಗಿ ಎದ್ದು ನಿಂತಿತ್ತು. ಹಿಂದೆ ಯಾರೋ ಸೋರಿಕೆ ನಿಲ್ಲಿಸಲು ಸುತ್ತಲೂ ಸಿಲಿಕೋನ್ ಮೆತ್ತಿದ್ದರು. ಅಂಟುವಾಗ ವಿನೆಗರ್ ವಾಸನೆ ಬರುವ ಸಿಲಿಕೋನ್ ಇದೆಯಲ್ಲ, ಅದು ಒಣಗುತ್ತ ಅಸಿಟಿಕ್ ಆಮ್ಲ ಬಿಡುತ್ತದೆ, ಆ ಆಮ್ಲ ಕಬ್ಬಿಣವನ್ನು ತಿನ್ನುತ್ತದೆ. ಅದರ ಮೇಲೆ ನೀರು ಹೊರಹೋಗುವ ದಾರಿಯನ್ನೂ ಮುಚ್ಚಿದ್ದರಿಂದ ಪ್ರತಿ ಮಳೆಯ ನೀರೂ ಕಾಲುವೆಯಲ್ಲೇ ನಿಂತಿದೆ. ಹೊರಗಿನಿಂದ ನೋಡಿದರೆ ಬಣ್ಣ ಅಚ್ಚುಕಟ್ಟು. ಸ್ಕ್ರೂಡ್ರೈವರ್ ಚುಚ್ಚಿದರೆ ಮೂರು ಕಡೆ ಆಚೆಗೆ ಹೋಯಿತು. ‘ಅಕ್ಕಾ, ಮೇಲೆ ಬೀಡಿಂಗ್ ಕೂತರೆ ಇದು ಕಾಣುವುದಿಲ್ಲ’ ಎಂದ ತಮ್ಮ. ಕಾಣುವುದಿಲ್ಲ, ನಿಜ. ಆದರೆ ತುಕ್ಕಿನ ಒಂದು ಚಕ್ಕೆ ರಬ್ಬರನ್ನು ಒಂದೇ ಬಿಂದುವಿನಲ್ಲಿ ಗಾಜಿನ ಕಡೆಗೆ ಒತ್ತಿದರೆ ಹೊಸ ಗಾಜು ನಿಂತಲ್ಲೇ ಬಿರುಕು ಬಿಡುತ್ತದೆ. ಭಾನುವಾರದ ಕೆಲಸ ಹನ್ನೊಂದು ದಿನಕ್ಕೆ ಹೋಯಿತು. ಕೊಳೆತ ಭಾಗ ಕತ್ತರಿಸಿ ಹೊಸ ತಗಡು ವೆಲ್ಡ್ ಮಾಡಿಸಿದ್ದು, ಉಜ್ಜಿದ್ದು, ಸತುವಿನ ಪ್ರೈಮರ್, ಬಣ್ಣ, ಬಣ್ಣ ಗಟ್ಟಿಯಾಗುವವರೆಗೆ ಕಾಯುವುದು. ಕಿಟ್‌ನ ಜೊತೆ ಬಂದ ಕಾಗದದಲ್ಲಿ ಈ ಬಗ್ಗೆ ಒಂದು ಸಾಲೂ ಇಲ್ಲ. ‘ಫ್ರೇಮನ್ನು ಸ್ವಚ್ಛಗೊಳಿಸಿ’ ಎಂದಷ್ಟೇ ಇದೆ. ಎಷ್ಟೋ ಜನ ಹೊಸ ಬೀಡಿಂಗ್ ಸೋರುತ್ತದೆ ಎಂದು ಬೈಯುವಾಗ ಬೈಗುಳ ಸಲ್ಲಬೇಕಾದದ್ದು ಈ ಕಾಲುವೆಗೆ ಎಂಬುದು ನನ್ನ ಗುಮಾನಿ.

ಗಾಜು ಕೂರಿಸಿದ್ದು ಮಾತ್ರ ಹಬ್ಬ. ಬೀಡಿಂಗನ್ನು ಬಿಸಿನೀರಿನಲ್ಲಿ ಹತ್ತು ನಿಮಿಷ ನೆನೆಸಿ ಗಾಜಿಗೆ ತೊಡಿಸಿದೆವು. ಫ್ರೇಮಿನ ತಗಡಿನ ಅಂಚು ಕೂರಬೇಕಾದ, ಬೀಡಿಂಗಿನ ಹೊರಗಿನ ಸೀಳಿನಲ್ಲಿ ನಯವಾದ ನೈಲಾನ್ ಹಗ್ಗವನ್ನು ಸುತ್ತಲೂ ಹಾಯಿಸಿ, ಎರಡೂ ತುದಿಗಳು ಕೆಳಗಡೆ ನಡುಮಧ್ಯದಲ್ಲಿ ಒಂದರ ಮೇಲೊಂದು ಹಾದು ಹೊರಬರುವಂತೆ ಬಿಟ್ಟೆವು. ಹಗ್ಗ ಸುತ್ತಳತೆಗಿಂತ ಎರಡು ಮೊಳ ಹೆಚ್ಚಿರಲಿ. ಲಂಗಕ್ಕೆ ಲಾಡಿ ಏರಿಸಿದವರಿಗೆ ಈ ಕೆಲಸ ಹೇಳಿಕೊಡಬೇಕಿಲ್ಲ. ಅಂಚಿಗೆಲ್ಲ ಸೋಪಿನ ನೀರು ಸವರಿ, ತಮ್ಮ ಹೊರಗಿನಿಂದ ಗಾಜಿಗೆ ಅಂಗೈ ಊರಿದ, ನಾನು ಒಳಗಿನಿಂದ ಹಗ್ಗ ಎಳೆಯತೊಡಗಿದೆ. ಹಗ್ಗ ಬರುತ್ತಿದ್ದಂತೆ ರಬ್ಬರಿನ ತುಟಿ ಒಂದೊಂದೇ ಇಂಚು ಮಗುಚಿ, ತಗಡನ್ನು ಹಾದು ಒಳಬದಿಗೆ ‘ಟಪ್’ ಎಂದು ಬಂದು ಕೂರುತ್ತದೆ. ಆ ಸದ್ದು ಬರದ ಕಡೆ ನಿಲ್ಲಿಸಿ ನೋಡಬೇಕು. ಮೊದಲ ಮೂಲೆಯಲ್ಲಿ ಸದ್ದು ಬರಲಿಲ್ಲ.

‘ಅಕ್ಕಾ, ಇನ್ನೊಂದಿಷ್ಟು ಒತ್ತಲೇ?’

‘ಒತ್ತಬೇಡವೋ, ತಟ್ಟು.’

ಅಂಗೈಯ ಬುಡದಿಂದ ನಾಲ್ಕು ಸಲ ತಟ್ಟಿದ, ತುಟಿ ಹೊರಳಿತು. ಹಗ್ಗವನ್ನು ಗಾಜಿಗೆ ಸಮಾನಾಂತರವಾಗಿ, ಗಾಜಿನ ನಡುವಿನ ಕಡೆಗೆ ಎಳೆಯಬೇಕು. ನೇರ ನಮ್ಮ ಕಡೆಗೆ ಎಳೆದರೆ ರಬ್ಬರು ಹರಿಯುತ್ತದೆ. ನಲವತ್ತು ನಿಮಿಷಕ್ಕೆ ಗಾಜು ಕೂತಿತು. ಒಂದೇ ಒಂದು ಕಡೆ ತುಟಿ ಒಳಕ್ಕೆ ಮಡಚಿಕೊಂಡಿತ್ತು; ಹೊಲಿಗೆಯ ಮೂಲೆ ತಿರುವಿಹಾಕಲು ಬಳಸುವ ಮರದ ಕಡ್ಡಿಯಿಂದ ಬಿಡಿಸಿದೆ.

ತಳದ ಪಟ್ಟಿಯ ಪರೀಕ್ಷೆಗೆ ಸೀಮೆಸುಣ್ಣ ಸಾಕು. ನಾನು ಬಟ್ಟೆಯ ಮೇಲೆ ಗುರುತು ಹಾಕುವ ಚಾಕನ್ನೇ ಪುಡಿ ಮಾಡಿ ರಬ್ಬರಿಗೆ ಸವರಿ, ಫ್ರೇಮ್ ಎತ್ತಿ ಕೂರಿಸಿ, ಮತ್ತೆ ಮಡಚಿ ನೋಡಿದೆ. ಕೆಳಗಿನ ಲೋಹದ ಮೇಲೆ ಗೆರೆ ಎಡತುದಿಯಿಂದ ಬಲತುದಿಯವರೆಗೆ ತುಂಡಾಗದೆ ಬಂದಿತ್ತು. ಕಿಟ್‌ನ ಬಿರುಸು ಪಟ್ಟಿ ಇಟ್ಟು ಇದೇ ಪರೀಕ್ಷೆ ಮಾಡಿದ್ದಾಗ ನಡುವೆ ಒಂದು ಗೇಣು ಖಾಲಿ ಇತ್ತು. ಮೂಲ ಪಟ್ಟಿಯಲ್ಲೂ ಮೊದಲ ದಿನ ಬೋಲ್ಟುಗಳು ತುಸು ಮೊಂಡು ಹಿಡಿದವು. ಅರ್ಧ ಬಿಗಿ ಮಾಡಿ, ಗಾಡಿಯನ್ನು ಬಿಸಿಲಿಗೆ ನಿಲ್ಲಿಸಿ, ದಿನಕ್ಕೆ ಒಂದು ಸುತ್ತಿನಂತೆ ಬಿಗಿದೆ. ವಾರದೊಳಗೆ ಪೂರ್ತಿ ಕೂತವು.

ಆಮೇಲೆ ಪೈಪಿನಿಂದ ನೀರು. ಜೋರಾಗಿ ಅಲ್ಲ, ಮಳೆಯ ಹಾಗೆ, ಕೆಳಗಿನಿಂದ ಶುರುಮಾಡಿ ಮೇಲಕ್ಕೆ. ಮೇಲಿನಿಂದ ಬಿಟ್ಟರೆ ಎಲ್ಲಿ ಸೋರಿದೆ ಎಂದು ತಿಳಿಯುವುದಿಲ್ಲ. ತಮ್ಮ ಒಳಗೆ ಟಾರ್ಚ್ ಹಿಡಿದು ಕುಳಿತಿದ್ದ. ತಳದ ಪಟ್ಟಿ ಒಣ, ಬೀಡಿಂಗ್ ಒಣ. ನಾನು ಗೆದ್ದೆ ಎಂದುಕೊಂಡು ಪೈಪನ್ನು ಛಾವಣಿಯ ಅಂಚಿಗೆ ಎತ್ತಿದೆ.

‘ಅಕ್ಕಾ’ ಎಂದ ಒಳಗಿನಿಂದ, ‘ಈಗ ಎಡ ಮೊಣಕಾಲು.’

ಛಾವಣಿ ಮತ್ತು ಫ್ರೇಮಿನ ನಡುವಿನ ಪಟ್ಟಿ ಕಿಟ್‌ನಲ್ಲೇ ಇತ್ತು, ಹಳೆಯದು ಚೆನ್ನಾಗಿದೆ ಎಂದು ನಾನೇ ಬದಲಾಯಿಸದೆ ಬಿಟ್ಟಿದ್ದೆ. ಕಿಟ್‌ನಲ್ಲಿರುವ ಹೊಸದರ ಉದ್ದ ಅಳೆದಿದ್ದೇನೆ, ಸರಿ ಇದೆ.