ಯೂಸರ್ ಹೆಸರು, ಹೋಮ್ ಫೋಲ್ಡರ್ ಬದಲಿಸುವುದು: ತಿದ್ದುವುದಾ, ಹೊಸ ಅಕೌಂಟ್ ಮಾಡುವುದಾ?

ನನ್ನ ಹಳೇ ಲ್ಯಾಪ್‌ಟಾಪ್ ತಂಗಿಗೆ ಕೊಟ್ಟಿದ್ದೆ. ಅದರಲ್ಲಿ ಉಬುಂಟು (ಲಿನಕ್ಸ್‌ನ ಒಂದು ರೂಪ), ವಿಂಡೋಸ್ ಎರಡೂ ಇವೆ. ಆರು ತಿಂಗಳು ಸುಮ್ನೆ ಬಳಸಿದವಳು ಒಂದಿನ "ಅಣ್ಣಾ, ನಿನ್ನ ಮನ್ಯಾಗ ನಾ ಬಾಡಿಗಿ ಇದ್ದಂಗ ಅನಸ್ಲತ್ತದ" ಅಂದಳು. ಕಮಾಂಡ್ ಬರೆಯುವ ಟರ್ಮಿನಲ್ ತೆರೆದರೆ ನನ್ನ ಹೆಸರು, ಫೋಲ್ಡರ್ ತೆರೆದರೂ ನನ್ನ ಹೆಸರು. ಅವಳ ಪ್ರಾಜೆಕ್ಟ್ ಎಲ್ಲ ಅದರಲ್ಲೇ ಇತ್ತು, ಹಾಗಾಗಿ ಫಾರ್ಮ್ಯಾಟ್ ಮಾತೇ ಬರಲಿಲ್ಲ.

ಸೆಟ್ಟಿಂಗ್ಸ್‌ನಲ್ಲಿ ಹೆಸರು ತಿದ್ದಿದರೆ ಲಾಗಿನ್ ಪರದೆ ಮಾತ್ರ ಬದಲಾಗುತ್ತದೆ. 2014ರ ನವೆಂಬರ್ 1ರಂದು ನಮ್ಮೂರು ಗುಲ್ಬರ್ಗಾ ಹೋಗಿ ಕಲಬುರಗಿ ಆಯಿತು, ವಿಶ್ವವಿದ್ಯಾಲಯದ ಹೆಸರಿನಲ್ಲಿ ಗುಲ್ಬರ್ಗಾ ಹಾಗೇ ಉಳಿಯಿತು ಅಲ್ವಾ, ಅದೇ ಥರ.

ಉಬುಂಟುವಿನಲ್ಲಿ ಇದಕ್ಕೆ ಯೂಸರ್‌ಮಾಡ್ (usermod) ಅನ್ನೋ ಕಮಾಂಡ್ ಇದೆ. ಓಡಿಸಿದ ಕೂಡಲೇ ಈ ಯೂಸರ್ ಬಳಕೆಯಲ್ಲಿದೆ ಅಂತ ಒಂದು ಪ್ರೊಸೆಸ್ ನಂಬರ್ ತೋರಿಸಿ ನಿಂತಿತು. ಕೂತ ಕೊಂಬೆಯನ್ನೇ ಕಡಿಯಲು ಹೋಗಿದ್ದೆ. ಆಮೇಲೆ ಇನ್ನೊಂದು ತಾತ್ಕಾಲಿಕ ಅಕೌಂಟ್ ಮಾಡಿ, ಸುಡೊ ಅಧಿಕಾರ (ಅಡ್ಮಿನ್ ಅಧಿಕಾರ) ಕೊಟ್ಟು, ರೀಸ್ಟಾರ್ಟ್ ಮಾಡಿ ಅದರಿಂದ ಒಳಗೆ ಹೋದೆ. ಯೂಸರ್‌ಮಾಡ್‌ಗೆ -ಎಲ್ (-l) ಹಾಕಿದರೆ ಲಾಗಿನ್ ಹೆಸರು ಬದಲಾಗುತ್ತದೆ. -ಡಿ (-d) ಜೊತೆ -ಎಂ (-m) ಹಾಕಿದರೆ ಹೋಮ್ ಫೋಲ್ಡರ್, ಅಂದರೆ ಯೂಸರ್‌ನ ಫೈಲ್‌ಗಳೆಲ್ಲ ಇರುವ ಫೋಲ್ಡರ್, ಸಾಮಾನು ಸಮೇತ ಹೊಸ ಹೆಸರಿಗೆ ಹೋಗುತ್ತದೆ. -ಎಂ ಮರೆತರೆ ವಿಳಾಸ ಮಾತ್ರ ಬದಲಾಗಿ ಸಾಮಾನು ಹಳೇ ಮನೆಯಲ್ಲೇ ಉಳಿಯುತ್ತದೆ. ಕೊನೆಗೆ ಗ್ರೂಪ್‌ಮಾಡ್ (groupmod) ಕಮಾಂಡ್‌ನಿಂದ ಯೂಸರ್ ಹೆಸರಿನದೇ ಗ್ರೂಪ್‌ನ ಹೆಸರೂ ಬದಲಿಸಿದೆ. ಚಹಾ ಆರುವುದರೊಳಗೆ ಎಲ್ಲ ಮುಗಿಯಿತು. ಫೈಲ್‌ಗಳ ಒಡೆತನವೂ ಕೆಡಲಿಲ್ಲ. ಲಿನಕ್ಸ್ ಒಡೆಯನನ್ನು ಹೆಸರಿನಿಂದ ಅಲ್ಲ, ನಂಬರಿನಿಂದ ಗುರುತಿಸುತ್ತದೆ. ಉಬುಂಟುವಿನಲ್ಲಿ ಮೊದಲ ಯೂಸರ್‌ಗೆ ಅದು 1000.

ಕೆಟ್ಟದ್ದು ಬೇರೆ ಕಡೆ. ಅವಳ ಪೈಥಾನ್ ವರ್ಚುವಲ್ ಎನ್ವಿರಾನ್‌ಮೆಂಟ್ (ಪ್ರಾಜೆಕ್ಟ್‌ಗೆ ಬೇಕಾದ ಪೈಥಾನ್ ಸಾಮಾನು ಇರುವ ಫೋಲ್ಡರ್) ಹಳೇ ದಾರಿಯನ್ನೇ ಒಳಗೆ ಬರೆದಿಟ್ಟುಕೊಂಡಿತ್ತು. ಫೈಲ್ ಮ್ಯಾನೇಜರ್‌ನ ಬುಕ್‌ಮಾರ್ಕ್‌ಗಳೂ ಹಾಗೇ. ಹಳೇ ಹೆಸರಿನಲ್ಲಿ ಒಂದು ಸಿಮ್‌ಲಿಂಕ್ (ಹೊಸ ಫೋಲ್ಡರ್‌ಗೆ ದಾರಿ ತೋರುವ ಕೊಂಡಿ) ಇಟ್ಟರೆ ಎಲ್ಲ ಸರಿ ಹೋಗುತ್ತಿತ್ತು. ಮತ್ತೆ ನನ್ನ ಹೆಸರು ಕಾಣುತ್ತದೆ ಅಂತ ಅವಳು ಒಪ್ಪಲಿಲ್ಲ. ಎನ್ವಿರಾನ್‌ಮೆಂಟ್ ಹೊಸದಾಗಿ ಕಟ್ಟಿಕೊಟ್ಟೆ.

ಎರಡನೇ ದಾರಿಯನ್ನು ನನ್ನ ಸ್ವಂತ ಉಬುಂಟುವಿನಲ್ಲಿ ನೋಡಿದೆ. ಹೊಸ ಅಕೌಂಟ್, ಎಲ್ಲ ಕಾಪಿ, ಆಮೇಲೆ ಚೌನ್ (chown) ಕಮಾಂಡ್‌ನಿಂದ ಒಡೆತನ ಬದಲಾವಣೆ. ಇಡೀ ಮಧ್ಯಾಹ್ನ ಹೋಯಿತು, ಡಿಸ್ಕ್‌ನಲ್ಲಿ ಎರಡು ಪಟ್ಟು ಜಾಗ ಬೇಕಾಯಿತು. ಚುಕ್ಕೆಯಿಂದ ಶುರುವಾಗುವ ಫೋಲ್ಡರ್‌ಗಳು ಕಣ್ಣಿಗೆ ಕಾಣುವುದಿಲ್ಲ ನೋಡಿ, ಬೇರೆ ಕಂಪ್ಯೂಟರ್‌ಗೆ ಲಾಗಿನ್ ಆಗಲು ಬೇಕಾದ ಎಸ್‌ಎಸ್‌ಎಚ್ ಕೀಗಳನ್ನು ಅಲ್ಲೇ ಬಿಟ್ಟುಬಿಟ್ಟಿದ್ದೆ. ಪುಣ್ಯಕ್ಕೆ ಹಳೇ ಅಕೌಂಟ್ ಅಳಿಸಿರಲಿಲ್ಲ. ಈ ದಾರಿಯ ಒಂದೇ ಲಾಭ ಅದು, ಸಣ್ಣ ಲಾಭವೇನಲ್ಲ. ಆದರೂ ಉಬುಂಟುವಿನಲ್ಲಿ ನನ್ನ ಓಟು ಯೂಸರ್‌ಮಾಡ್‌ಗೇ.

ವಿಂಡೋಸ್‌ನಲ್ಲಿ ಲೆಕ್ಕ ಉಲ್ಟಾ. ಅಲ್ಲೂ ಬೇರೆ ಅಡ್ಮಿನ್ ಅಕೌಂಟ್‌ನಿಂದ ಫೋಲ್ಡರ್ ಹೆಸರು ಬದಲಿಸಿ, ರಿಜಿಸ್ಟ್ರಿಯ (ವಿಂಡೋಸ್ ತನ್ನ ಸೆಟ್ಟಿಂಗ್ ಬರೆದಿಡುವ ಜಾಗ) ಪ್ರೊಫೈಲ್‌ಲಿಸ್ಟ್‌ನಲ್ಲಿ ದಾರಿ ತಿದ್ದಬೇಕು. ನಾನು ಒಂದಕ್ಷರ ತಪ್ಪು ಬರೆದೆ. ಲಾಗಿನ್ ಆದರೆ ಡೆಸ್ಕ್‌ಟಾಪ್ ಖಾಲಿ! ತಾತ್ಕಾಲಿಕ ಪ್ರೊಫೈಲ್‌ಗೆ ಕಳಿಸಿತ್ತು. ತಂಗಿಯ ಮುಖ ನೋಡಲು ಆಗಲಿಲ್ಲ. ಅಕ್ಷರ ಸರಿ ಮಾಡಿದ ಮೇಲೂ ಎರಡು ಪ್ರೋಗ್ರಾಂ ಹಳೇ ಜಾಗವನ್ನೇ ಹುಡುಕುತ್ತಾ ಕೂತವು. ಕೊನೆಗೆ ಅಲ್ಲಿ ಹೊಸ ಅಕೌಂಟ್ ಮಾಡಿ ಅವಳ ಫೈಲ್ ಸಾಗಿಸಿದೆ. ಅದನ್ನೇ ಮೊದಲು ಮಾಡಬೇಕಿತ್ತು. ಹೊಸದು ಮಾಡುವಾಗ ಲೋಕಲ್ ಅಕೌಂಟ್ ಆರಿಸಿದೆ. ಮೈಕ್ರೋಸಾಫ್ಟ್ ಅಕೌಂಟ್‌ನಿಂದ ಶುರು ಮಾಡಿದರೆ ಇಮೇಲ್‌ನ ಮೊದಲ ಐದು ಅಕ್ಷರವೇ ಫೋಲ್ಡರ್ ಹೆಸರಾಗಿ ಕೂತುಬಿಡುತ್ತದೆ.

ಉಬುಂಟುವಿನಲ್ಲಿದ್ದ ಆ ತಾತ್ಕಾಲಿಕ ಅಕೌಂಟನ್ನು ಮಾತ್ರ ಒಂದು ವಾರ ಅಳಿಸಲು ಧೈರ್ಯ ಬರಲಿಲ್ಲ.